ಯಾರ ಮಂಡಿಗಾಗಿ ಈ ಪ್ರವಾಸ?

"ವ್ಯಾನಿಗೆ ಕಿಲೋಮೀಟರಿಗೆ ಹದಿನೆಂಟು. ಡ್ರೈವರಿಗೆ ದಿನಕ್ಕೆ ಆರುನೂರು, ಊಟ ಅವನದೇ. ದಾರಿ ಸುಂಕ, ಗಾಡಿ ನಿಲ್ಲಿಸೋ ಚೀಟಿ ಎಲ್ಲಾ ಸೇರಿ ಎರಡು ಸಾವಿರದೊಳಗೆ. ಕೋಣೆ ಬಾಡಿಗೆ ಬೇರೆ. ಅದು ನೀವು ಎಂಥಾ ಹಾಸಿಗೆ ಕೇಳ್ತೀರಿ ಅನ್ನೋದರ ಮೇಲೆ."

ಪ್ರವಾಸದ ಆಫೀಸಿನ ಅತ್ತಿಗೆ ಇಷ್ಟು ಹೇಳಿ ಕನ್ನಡಕವನ್ನು ಹಣೆಗೆ ಏರಿಸಿದಳು. ಮೇಜಿನಾಚೆ ಕೂತಿದ್ದ ಒಂದೇ ಮನೆಯ ಮೂವರು ಗಿರಾಕಿಗಳಲ್ಲಿ ಮೊದಲು ಬಾಯಿ ತೆರೆದವನು ಆ ಮನೆಯ ಅಳಿಯ.

"ಕಾರು ಸಾಕಲ್ವಾ? ನಾವಿರೋದೇ ಮೂರು ಜನ. ಮೂರು ಜನಕ್ಕೆ ವ್ಯಾನು ಅಂದ್ರೆ ಇಲಿ ಸಾಗಿಸೋಕೆ ಲಾರಿ ತಂದ ಹಾಗಾಯ್ತು."

"ಇದರಲ್ಲಿ ಇಲಿ ಯಾರು ಭಾವ?" ಎಂದ ಮಗ. ಅವನು ಕೂತ ಕುರ್ಚಿ ಮೊದಲಿನಿಂದಲೂ ಕಿರುಗುಟ್ಟುತ್ತಿತ್ತು.

"ವ್ಯಾನೇ ಇರಲಿ," ಎಂದರು ನಡುವೆ ಕೂತಿದ್ದ ತಾಯಿ. ಅವರು ದನಿ ಏರಿಸಲಿಲ್ಲ. ಆದರೂ ಇಬ್ಬರು ಗಂಡಸರೂ ಸುಮ್ಮನಾದರು.

ಹೋದ ವರ್ಷ ಇದೇ ದಾರಿಯಲ್ಲಿ, ಇದೇ ಆಫೀಸಿನ ವ್ಯಾನಿನಲ್ಲಿ ಈ ಮನೆಯಿಂದ ಹೋದವರು ನಾಲ್ವರು, ಹಿಂದಿರುಗಿದವರು ಮೂವರು. ಹಿಂದಿರುಗದವರು ಈ ತಾಯಿಯ ಗಂಡ, ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮೇಷ್ಟ್ರು.

ಮೂರನೆಯ ದಿನ ಹೊಳೆದಂಡೆಯ ದೇವಸ್ಥಾನದ ಮುಂದೆ ವ್ಯಾನು ನಿಂತಾಗ ಮೇಷ್ಟ್ರು ಮಂಡಿ ನೋವೆಂದು ಗಾಡಿಯಲ್ಲೇ ಉಳಿದಿದ್ದರು. ಉಳಿದ ಮೂವರು ಒಳಗೆ ಹೋಗಿ ಬರುವಷ್ಟರಲ್ಲಿ ಅವರು ಗಾಡಿಯಲ್ಲಿರಲಿಲ್ಲ. "ಅವರೇ ಬೆಟ್ಟದ ಕೋಟೆ ಬಾಗಿಲಿಗೆ ಬಿಡು ಅಂದ್ರು, ಬಿಟ್ಟು ಬಂದೆ," ಎಂದು ಡ್ರೈವರ್ ಹೇಳಿದ. ಕೋಟೆಯಲ್ಲಿ ಮೇಷ್ಟ್ರು ಇರಲಿಲ್ಲ. ಅವರ ಕೈಗಡಿಯಾರ, ಪರ್ಸು ಡ್ರೈವರನ ಚೀಲದಲ್ಲಿದ್ದವು. "ಹತ್ತೋವಾಗ ಬಿದ್ದು ಹೋಗುತ್ತೆ, ಇಟ್ಕೋ ಅಂತ ಕೊಟ್ರು" ಎಂಬ ಅವನ ಮಾತನ್ನು ಯಾರೂ ನಂಬಲಿಲ್ಲ. ಮಳೆಗಾಲ ಆಗತಾನೇ ಮುಗಿದು ಹೊಳೆ ತುಂಬಿ ಹರಿಯುತ್ತಿದ್ದುದರಿಂದ ಹೆಣ ಸಿಗದಿದ್ದುದೂ ಯಾರಿಗೂ ಆಶ್ಚರ್ಯವಾಗಲಿಲ್ಲ.

ಅಂದಿನಿಂದ ಡ್ರೈವರ್ ಒಳಗಿದ್ದಾನೆ. ಜಾಮೀನು ಎರಡು ಸಲ ತಿರಸ್ಕಾರವಾಗಿದೆ. ಬರುವ ಸೋಮವಾರ ಅವನ ಮೇಲೆ ಕೊಲೆ ಆರೋಪ ಹೊರಿಸುತ್ತಾರೆ. ಅಷ್ಟರೊಳಗೆ ಬೇರೆ ಏನಾದರೂ ಸಿಗದಿದ್ದರೆ ಅವನ ಬದುಕು ಅಲ್ಲಿಗೆ ಮುಗಿದಂತೆ.

ಆಫೀಸು ಅತ್ತಿಗೆಯ ಮೈದುನನದು. ಪ್ರವಾಸದ ದಾರಿ ಹಾಕುವ ಮೇಜು ಅವಳದು. ಗಂಡ ತೀರಿಕೊಂಡ ವರ್ಷ ಸುಮ್ಮನೆ ಕೂರಲಾರದೆ ಬಂದು ಕೂತವಳು ಇಪ್ಪತ್ತು ವರ್ಷವಾದರೂ ಎದ್ದಿಲ್ಲ. ಮೈದುನ ಕರೆದದ್ದನ್ನು ಕೇಳಿ ಡ್ರೈವರುಗಳು, ಲಾಡ್ಜಿನವರು, ಕೊನೆಗೆ ಪೊಲೀಸರೂ ಅತ್ತಿಗೆ ಎಂದೇ ಕರೆಯುತ್ತಾರೆ. ದಾರಿ ಹಾಕಿಸಿಕೊಳ್ಳಲು ಬಂದವರು ಡಾಕ್ಟರಿಗೆ ಹೇಳದ್ದನ್ನೂ ಅವಳಿಗೆ ಹೇಳುತ್ತಾರೆ. ಯಾರಿಗೆ ಯಾರ ಪಕ್ಕ ಕೂರಲು ಇಷ್ಟವಿಲ್ಲ, ಯಾರಿಗೆ ರಾತ್ರಿ ಎಷ್ಟು ಸಲ ಎಚ್ಚರವಾಗುತ್ತದೆ, ಯಾರ ಗೊರಕೆಗೆ ಯಾರು ಬೇರೆ ಕೋಣೆ ಕೇಳುತ್ತಾರೆ, ಎಲ್ಲ. ಹಾಗೆ ಕೇಳುತ್ತಾ ಕೇಳುತ್ತಾ ಅವಳು ಊರಿನವರ ಗಂಟುಗಳನ್ನು ಬಿಡಿಸುವವಳಾದಳು. ಈ ಗಂಟು ಮಾತ್ರ ಅವಳ ಮನೆಯದೇ. ಒಳಗಿರುವವನು ಅವರ ಆಫೀಸಿನ ಡ್ರೈವರ್.

ಬೆಳಿಗ್ಗೆ ಈ ಮೂವರು ಬರುತ್ತಾರೆಂದು ಫೋನ್ ಬಂದಾಗ ಮೈದುನ ನೀರಿನ ಲೋಟ ಹಿಡಿದು ನಿಂತೇಬಿಟ್ಟಿದ್ದ.

"ಅತ್ತಿಗೆ, ಗಂಡನ್ನ ಕೊಂದೋನ ಆಫೀಸಿಗೇ ಬಂದು ಗಾಡಿ ಕೇಳ್ತಾರಾ ಯಾರಾದ್ರೂ? ಊರಲ್ಲಿ ಬೇರೆ ಆಫೀಸು ಇಲ್ವಾ?"

"ಅವನೇ ಕೊಂದ ಅಂತ ನಂಬಿದೋರು ಕೇಳಲ್ಲ," ಎಂದಿದ್ದಳು ಅತ್ತಿಗೆ.

ಈಗ ಅವಳು ಮೇಜಿನ ಮೇಲೆ ನಕ್ಷೆ ಹರಡಿ ನಾಲ್ಕು ಮೂಲೆಗೂ ಕೈಗೆ ಸಿಕ್ಕಿದ್ದನ್ನು ಇಟ್ಟಳು. ದೇವಸ್ಥಾನಕ್ಕೆ ಬಿಳಿ ಗುಂಡಿ, ಕೋಟೆಗೆ ಕರಿ ಗುಂಡಿ. ಅಂಗಿಯಿಂದ ಕಿತ್ತ ಗುಂಡಿಗಳು. ದಾರಿಗೆ ಹೊಲಿಗೆ ದಾರ. ನೀರಲ್ಲಿ ಅದ್ದಿದ ದಾರ ರಸ್ತೆಯ ತಿರುವಿನಲ್ಲಿ ತಾನೂ ತಿರುಗಿ ಅಂಟಿಕೊಳ್ಳುತ್ತದೆ. ಮೈದುನ ಕಂಪ್ಯೂಟರ್ ತಂದುಕೊಟ್ಟು ನಾಲ್ಕು ವರ್ಷವಾಯಿತು. ಅದರ ಮೇಲೆ ಅವಳ ಕೈಚೀಲ ಇರುತ್ತದೆ.

"ಮೊದಲು ಇದು ಹೇಳಿ," ಎಂದಳು. "ನಿಮ್ಮಲ್ಲಿ ನಿಧಾನ ಯಾರು? ಮಂಡಿ, ಸೊಂಟ, ಸಕ್ಕರೆ, ಉಸಿರು, ಏನಾದರೂ? ಪ್ರವಾಸ ಅನ್ನೋದು ಗಾಡಿ ವೇಗದಲ್ಲಿ ಹೋಗಲ್ಲ. ಎಲ್ಲರಿಗಿಂತ ನಿಧಾನ ಯಾರೋ, ಅವರ ವೇಗದಲ್ಲಿ ಹೋಗುತ್ತೆ."

"ಯಾರೂ ಇಲ್ಲ," ಎಂದ ಅಳಿಯ. "ನಾನು ದಿನಾ ಬೆಳಿಗ್ಗೆ ಓಡ್ತೀನಿ."

"ನಾನು ಓಡೋರನ್ನ ನೋಡ್ತೀನಿ," ಎಂದ ಮಗ. "ಅಮ್ಮಂಗೆ ಏನೂ ಇಲ್ಲ. ಮೂರು ಮಹಡಿ ಹತ್ತಿ ಬಟ್ಟೆ ಒಣಗಿಸ್ತಾಳೆ. ಇಲ್ಲಿಗೆ ಬರೋವಾಗಲೂ ನನಗಿಂತ ಮುಂದೆ ಹತ್ತಿದಳು."

ಅದು ನಿಜ. ಟೈರ್ ಅಂಗಡಿಯ ಮೇಲಿನ ಈ ಆಫೀಸಿನ ಮೆಟ್ಟಿಲು ಏಣಿಯಂತೆ ಕಡಿದು. ಮೇಷ್ಟ್ರ ಹೆಂಡತಿ ಕಂಬಿ ಹಿಡಿಯದೆ ಹತ್ತಿ ಬಂದದ್ದನ್ನು ಅತ್ತಿಗೆ ಕಂಡಿದ್ದಳು. ಮಗ ಬಾಗಿಲಲ್ಲಿ ನಿಂತು ಏದುಸಿರು ಬಿಟ್ಟಿದ್ದ.

"ಹಾಗಾದ್ರೆ ಸುಲಭ. ಬೆಳಿಗ್ಗೆ ದೇವಸ್ಥಾನ, ಸಂಜೆ ಕೋಟೆ, ಮಧ್ಯಾಹ್ನ ಗಾಡೀಲಿ ನಿದ್ದೆ. ಮಧ್ಯಾಹ್ನ ಬಾಗಿಲು ಹಾಕಿರ್ತಾರೆ. ಬರಿಗಾಲಲ್ಲಿ ಅಂಗಳದ ಕಲ್ಲು ತುಳಿದ್ರೆ ಹೆಂಚು ತುಳಿದ ಹಾಗೆ."

ಮೊದಲ ದಿನ ಕಂಬಗಳ ದೇವಸ್ಥಾನ. ಬಿಳಿ ಗುಂಡಿ. ಆ ರಾತ್ರಿಯ ಲಾಡ್ಜಿನಲ್ಲಿ ಮೇಲಿನ ಕೋಣೆ ಮಾತ್ರ ಖಾಲಿ ಇದೆ ಎಂದಳು.

"ಮೇಲಾದ್ರೆ ಒಳ್ಳೇದೇ, ಗಾಳಿ ಬರುತ್ತೆ," ಎಂದರು ಮೇಷ್ಟ್ರ ಹೆಂಡತಿ.

ಎರಡನೆಯ ದಿನ ಕೆರೆ ಪಕ್ಕದ ಕೋಟೆ. ಕರಿ ಗುಂಡಿ. ಒಳಗೆ ನೂರಾರು ಮೆಟ್ಟಿಲು. "ಹತ್ತಿದ್ರಾಯ್ತು" ಎಂದರು. ರಾತ್ರಿಗೆ ಯಾವ ಕೋಣೆಯಾದರೂ ಸರಿ.

ಮೂರನೆಯ ದಿನಕ್ಕೆ ಬಂದಾಗ ಮಾತು ನಿಧಾನವಾಯಿತು. ಹೊಳೆದಂಡೆಯ ದೇವಸ್ಥಾನಕ್ಕೆ ಬಿಳಿ ಗುಂಡಿ ಇಟ್ಟ ಅತ್ತಿಗೆ ಕರಿ ಗುಂಡಿಯನ್ನು ಬೆರಳ ನಡುವೆ ಹಿಡಿದು ಕಾದಳು.

"ಬೆಟ್ಟದ ಕೋಟೆ ಬಿಟ್ಟುಬಿಡೋಣ," ಎಂದ ಮಗ. "ಅಮ್ಮ, ಅಲ್ಲಿಗೆ ಹೋದ್ರೆ ನಿನಗೆ ಎಲ್ಲಾ ನೆನಪಾಗುತ್ತೆ. ಯಾಕೆ ಸುಮ್ಮನೆ?"

"ಅಲ್ಲಿ ಏನಿದೆ ನೋಡೋಕೆ?" ಎಂದ ಅಳಿಯ. "ಕಲ್ಲು. ಅತ್ತೆ, ರಸ್ತೇನೂ ಅಗೆದು ಹಾಕಿದಾರೆ. ನಮ್ಮ ಕಂಟ್ರಾಕ್ಟ್ ಲೈನಲ್ಲಿ ಕೇಳಿದೆ. ಗಾಡಿ ಕೆಳಭಾಗ ಕಿತ್ತು ಬರುತ್ತೆ."

ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು ಈ ಮೇಜಿನಲ್ಲಿ ದಿನವೂ ಇದ್ದದ್ದೇ. ಇವತ್ತು ಎತ್ತು, ಕೋಣ ಎರಡೂ ಒಂದೇ ಕಡೆ ಎಳೆಯುತ್ತಿದ್ದವು. ಹೋದ ವರ್ಷ ಇಬ್ಬರೂ ಎರಡು ವಾರ ಆ ಹೊಳೆದಂಡೆಯಲ್ಲಿ ಹುಡುಕಿ ಅಲೆದವರು. ಆ ಜಾಗ ಬೇಡವೆನ್ನಲು ಇಬ್ಬರಿಗೂ ಕಾರಣವುಂಟು. ಅತ್ತಿಗೆ ತಾಯಿಯ ಕಡೆ ನೋಡಿದಳು.

"ಅಲ್ಲಿ ಎರಡು ರಾತ್ರಿ," ಎಂದರು ಮೇಷ್ಟ್ರ ಹೆಂಡತಿ.

"ಎರಡಾ?"

"ಎರಡು. ಹೊಳೆ ಕಡೆ ಬೇಡ. ಕೋಟೆ ಹಿಂದಿನ ಕಡೆ ಏನಾದರೂ ಇದೆಯಾ ಉಳಿಯೋಕೆ?"

"ಒಂದೇ ಒಂದು ಲಾಡ್ಜು ಇದೆ ಅಮ್ಮ. ಸಣ್ಣದು. ಕೇಳಿ ನೋಡ್ತೀನಿ."

"ಕೆಳಗಿನ ಕೋಣೆ ಆಗಬೇಕು. ಕಕ್ಕಸಲ್ಲಿ ಕೂರೋ ಕುರ್ಚಿ ಥರದ್ದು ಇರಬೇಕು."

ಅತ್ತಿಗೆ ತಲೆಯಾಡಿಸಿದಳು. ನಾಲ್ಕನೆಯ ದಿನವೂ ಕೆಳಗಿನ ಕೋಣೆ. ಐದನೆಯ ದಿನದ ದೇವಸ್ಥಾನಕ್ಕೆ ಮೆಟ್ಟಿಲು ಜಾಸ್ತಿ ಎಂದಾಗ, ಹಾಗಾದರೆ ಮೆಟ್ಟಿಲಿಲ್ಲದ ಬೇರೆ ಗುಡಿ ನೋಡು ಎಂದರು. ಕೊನೆಯ ಕೋಟೆಯನ್ನು ರಸ್ತೆಯಿಂದಲೇ ನೋಡಿದರೆ ಸಾಕು. ವ್ಯಾನಿನ ಮೊದಲ ಸಾಲು ಖಾಲಿ ಇರಲಿ, ಕಾಲು ಚಾಚಿ ಕೂರುವಂತೆ.

ಮಗ ಫೋನ್ ನೋಡುತ್ತಿದ್ದ. ಅಳಿಯ ಕಿಟಕಿಯಾಚೆ ನೋಡುತ್ತಿದ್ದ. ಮನೆಯ ಹೆಂಗಸು ಪ್ರವಾಸದ ಮಾತಾಡುವಾಗ ಗಂಡಸರು ಹೀಗೇ ಇರುತ್ತಾರೆ. ಸಾಮಾನು ಹೊರುವಾಗ ಮಾತ್ರ ಅವರಿಗೆ ಎಷ್ಟು ದಿನದ ಪ್ರವಾಸವೆಂದು ತಿಳಿಯುವುದು.

ದಾರ ಮನೆಗೆ ಹಿಂದಿರುಗಿ ಬಂದಿತು. ಅತ್ತಿಗೆ ಅದರ ಮೇಲೆ ತೋರುಬೆರಳು ಇಟ್ಟು ಮೊದಲಿನಿಂದ ಒಮ್ಮೆ ಸವರಿದಳು. ಬೆರಳು ಮೂರನೆಯ ದಿನದ ಹತ್ತಿರ ನಿಂತಿತು. ಅಲ್ಲಿಂದ ಮುಂದಕ್ಕೆ ಹೋಯಿತು. ಮತ್ತೆ ಹಿಂದಕ್ಕೆ ಬಂತು.

"ಅಮ್ಮ, ಲಾಡ್ಜಿಗೆ ನಿಮ್ಮ ಗುರುತಿನ ಕಾರ್ಡಿಂದು ಒಂದು ನಕಲು ತೆಗೀಬೇಕು, ಐದು ನಿಮಿಷ," ಎಂದಳು.

"ನಾನು ಕಾರು ತಿರುಗಿಸಿ ತರ್ತೀನಿ," ಎಂದು ಮಗ ಎದ್ದ. ಕುರ್ಚಿ ನಿಟ್ಟುಸಿರು ಬಿಟ್ಟಿತು. "ನನಗೂ ಒಂದು ಫೋನ್ ಮಾಡೋದಿದೆ," ಎಂದು ಅಳಿಯ ಅವನ ಹಿಂದೆಯೇ ಇಳಿದ.

ಅವರ ಹೆಜ್ಜೆ ಸದ್ದು ಕೆಳಗೆ ಮುಗಿಯುವವರೆಗೆ ಅತ್ತಿಗೆ ಕಾರ್ಡನ್ನು ಯಂತ್ರದ ಗಾಜಿನ ಮೇಲೆ ಇಟ್ಟು ನಿಂತಳು. ಗುಂಡಿ ಒತ್ತಲಿಲ್ಲ.

"ಅಮ್ಮ, ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ."

"ಕೇಳಮ್ಮ."

"ಯಾರ ಮಂಡಿಗಾಗಿ ಈ ಪ್ರವಾಸ?"

ಮೇಷ್ಟ್ರ ಹೆಂಡತಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಮತ್ತೆ ಸುತ್ತಿದರು.

"ಅಭ್ಯಾಸ," ಎಂದರು. "ಮದುವೆಯಾದಾಗಿಂದ ಅವರ ಮಂಡಿ ನೋಡ್ಕೊಂಡೇ ದಾರಿ ಹಾಕಿದೀನಿ. ಮೆಟ್ಟಿಲು ಎಷ್ಟು, ಕೋಣೆ ಯಾವ ಮಹಡಿ, ಕಾಲು ಚಾಚೋಕೆ ಜಾಗ ಇದೆಯಾ. ಅವರಿಲ್ಲ ಅಂತ ಬಾಯಿಗೆ ಗೊತ್ತಿಲ್ಲ. ತಾನಾಗೇ ಬಂದುಬಿಡುತ್ತೆ."

ಅತ್ತಿಗೆಗೆ ಇದು ಅರ್ಥವಾಗದ ಮಾತಲ್ಲ. ಗಂಡ ಹೋದ ಮೇಲೆ ಅವಳೂ ಬಹಳ ದಿನ ಎರಡು ಲೋಟಕ್ಕೆ ಟೀ ಸೋಸಿದವಳು. ಎರಡನೆಯದನ್ನು ಯಾರೂ ನೋಡದಂತೆ ತಾನೇ ಕುಡಿದವಳು. ಈ ಉತ್ತರವನ್ನು ಇಲ್ಲಿಗೇ ಬಿಟ್ಟುಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಜೈಲಿನ ಜಾಲರಿಯಾಚೆ ಕಂಡ ಡ್ರೈವರನ ಮುಖ ನೆನಪಾಯಿತು.

"ಅಭ್ಯಾಸ ಆಗಿದ್ರೆ ಮೊದಲನೇ ದಿನದಿಂದ ಇರ್ತಿತ್ತು ಅಮ್ಮ," ಎಂದಳು ಮೆಲ್ಲಗೆ. "ಮೊದಲನೇ ದಿನ ಮೇಲಿನ ಕೋಣೆ ಸಾಕು ಅಂದ್ರಿ. ಎರಡನೇ ದಿನ ನೂರಾರು ಮೆಟ್ಟಿಲು ಹತ್ತಿದ್ರಾಯ್ತು ಅಂದ್ರಿ. ಕೆಳಗಿನ ಕೋಣೆ, ಕುರ್ಚಿ ಕಕ್ಕಸು, ಖಾಲಿ ಸೀಟು, ಎಲ್ಲಾ ಬೆಟ್ಟದ ಕೋಟೆಯಿಂದ ಈಚೆಗೆ. ಹೋಗೋವಾಗ ಮೂರು ಜನ ಹೋಗ್ತೀರಿ. ಬರೋವಾಗ ನಾಲ್ಕು ಜನ ಬರೋ ಹಾಗೆ ದಾರಿ ಹಾಕಿಸಿದೀರಿ."

ಕೆಳಗೆ ಟೈರ್ ಅಂಗಡಿಯಲ್ಲಿ ಯಾರೋ ಗಾಳಿ ತುಂಬುತ್ತಿದ್ದರು. ಮೇಷ್ಟ್ರ ಹೆಂಡತಿ ನಕ್ಷೆಯ ಮೇಲಿನ ದಾರವನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ನನ್ನ ಮಗ ಪಕ್ಕದಲ್ಲೇ ಕೂತಿದ್ದ. ಅವನಿಗೆ ಕೇಳಿಸಲಿಲ್ಲ," ಎಂದರು.

"ಅವರು ದಾರಿ ಹಾಕೋರಲ್ಲ. ಮೇಷ್ಟ್ರು ಬದುಕಿದಾರೆ ಅಂತ ಯಾವಾಗ ಗೊತ್ತಾಯ್ತು?"

"ಚಳಿ ಶುರುವಾದಾಗ ಬೀರು ತೆಗೆದೆ. ಅವರ ಸ್ವೆಟರ್ ಇಲ್ಲ. ಮಂಡಿಗೆ ಕಟ್ಟೋ ಪಟ್ಟಿ ಎರಡು ಜೊತೆ ಇದ್ದವು, ಎರಡೂ ಇಲ್ಲ. ಮಳೆ ನಿಂತ ಮೇಲಿನ ಬಿಸಿಲಲ್ಲಿ ಆರು ದಿನದ ಪ್ರವಾಸ. ಸ್ವೆಟರ್ ಯಾಕೆ ಬೇಕಮ್ಮ? ನಾನು ತುಂಬಿದ ಪೆಟ್ಟಿಗೇಲಿ ಅದು ಇರಲಿಲ್ಲ. ಅವರೇ ಬೇರೆ ಎಲ್ಲೋ ತುಂಬಿಕೊಂಡಿದ್ರು. ಹೋಗೋಕೆ ಮೊದಲೇ."

"ಬೆಟ್ಟದ ಕೋಟೇಲೇ ಇದಾರೆ ಅಂತ ಹೇಗೆ?"

"ಇನ್ನೆಲ್ಲಿರ್ತಾರೆ?" ಅವರ ತುಟಿಯಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ಆ ಕೋಟೇನ ಸರಿಯಾಗಿ ಬರೀಬೇಕಾದ್ರೆ ಒಂದು ವರ್ಷ ಅದರ ಹಿಂದುಗಡೆ ಕೂರಬೇಕು ಅನ್ನೋರು. ಪ್ರತಿ ಸಲ ಹೋದಾಗಲೂ ಅನ್ನೋರು. ಪ್ರತಿ ಸಲವೂ ನಾನು, 'ಹತ್ತು ನಿಮಿಷ, ಬೇಗ ಬನ್ನಿ, ಮುಂದಿನ ಗುಡಿ ಬಾಗಿಲು ಹಾಕ್ತಾರೆ' ಅನ್ನೋಳು. ಪುಸ್ತಕ ತೆಗೆದು ಪೆನ್ಸಿಲ್ ಹುಡುಕೋದ್ರೊಳಗೆ ಹಾರ್ನ್ ಹೊಡೆಸ್ತಿದ್ದೆ. ಒಂದು ದಿನವೂ ಎದುರು ಮಾತಾಡಲಿಲ್ಲ ಅವರು. ಎದ್ದು ಬಂದು ಗಾಡಿ ಹತ್ತೋರು. ಒಳ್ಳೇ ಗಂಡ ಅಂದ್ಕೊಂಡಿದ್ದೆ."

ಅತ್ತಿಗೆ ಯಂತ್ರದ ಹತ್ತಿರದಿಂದ ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತಳು. ಕೇಳಬೇಕಾದದ್ದು ಇನ್ನೊಂದಿತ್ತು. ಅದನ್ನು ಎದುರು ಕೂತು ಕೇಳಲು ಅವಳಿಗೆ ಇಷ್ಟವಾಗಲಿಲ್ಲ.

"ಚಳಿಗಾಲ ಕಳೆದು ಬೇಸಿಗೆ ಬಂತು ಅಮ್ಮ. ನಮ್ಮ ಡ್ರೈವರ್ ಇನ್ನೂ ಒಳಗಿದಾನೆ. ಒಂದು ಮಾತು ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು."

"ಯಾಕೆ ಹೇಳಲಿಲ್ಲ?"

"ನಿನ್ನ ಗಂಡ ಹೇಗೆ ಹೋದ್ರು?"

"ಜ್ವರ ಬಂದು."

"ಹಾಗಾದ್ರೆ ನಿನಗೆ ಗೊತ್ತಾಗಲ್ಲ. ಗಂಡ ಸತ್ತ ಅಂದ್ರೆ ಜನ ಮನೆಗೆ ಬಂದು ಕೈ ಹಿಡ್ಕೊಂಡು ಕೂರ್ತಾರೆ. ಗಂಡ ಬಿಟ್ಟು ಹೋದ ಅಂದ್ರೆ ಕಿಟಕಿ ಸಂದೀಲಿ ನೋಡ್ತಾರೆ. ಈ ವಯಸ್ಸಲ್ಲಿ, ಬೈಯದೆ, ಜಗಳ ಆಡದೆ, ಸ್ವೆಟರ್ ಮಡಚಿ ತಗೊಂಡು ಹೋದ ಅಂದ್ರೆ ಅವಳು ಎಂಥಾ ಹೆಂಡತಿ ಇರಬೇಕು ಅಂತಾರೆ. ನಾನೂ ಅದನ್ನೇ ಕೇಳ್ಕೋತಿದೀನಿ. ಒಂದು ಸಲ ಅವರ ಎದುರು ನಿಂತು ಕೇಳೋಣ, ಆಮೇಲೆ ಎಲ್ಲರಿಗೂ ಹೇಳೋಣ ಅಂದ್ಕೊಂಡೆ. ಕರ್ಕೊಂಡು ಬಂದ್ರೆ ಯಾರಿಗೂ ಏನೂ ಹೇಳೋದೇ ಬೇಡ. ಅವರೇ ಕಣ್ಣಿಗೆ ಕಾಣ್ತಾರೆ. ನಿಮ್ಮ ಡ್ರೈವರೂ ಆಚೆ ಬರ್ತಾನೆ."

"ನಿಮ್ಮ ಪ್ರವಾಸ ಹದಿನೈದು ದಿನದ ಮೇಲೆ. ಕೋರ್ಟು ಸೋಮವಾರ."

ಬಾಗಿಲಲ್ಲಿ ಯಾರೋ ಬಂದು ನಿಂತರು. ಡ್ರೈವರನ ಹೆಂಡತಿ. ವ್ಯಾನುಗಳ ಸೀಟಿನ ಬಟ್ಟೆ ಒಗೆದು ಇಸ್ತ್ರಿ ಮಾಡಿ ಕೊಡುವ ಕೆಲಸವನ್ನು ಮೈದುನ ಅವಳಿಗೆ ಹಚ್ಚಿಕೊಟ್ಟಿದ್ದ. ಗಂಟನ್ನು ಬೆಂಚಿನ ಮೇಲೆ ಇಳಿಸಿ, ಕೂತವರು ಯಾರೆಂದು ಗುರುತಿಸಿ, ಸೆರಗಿನಿಂದ ಕೈ ಒರೆಸಿಕೊಂಡಳು. ಅವಳಿಗೆ ಒಳಗೆ ಬರಬೇಕೋ ಹೋಗಬೇಕೋ ತಿಳಿಯಲಿಲ್ಲ.

"ಬಾ," ಎಂದಳು ಅತ್ತಿಗೆ. "ಇವರು ಮೇಷ್ಟ್ರ ಮನೆಯವರು."

"ಗೊತ್ತು ಅತ್ತಿಗೆ. ಕೋರ್ಟಲ್ಲಿ ನೋಡಿದೀನಿ." ಅವಳು ಮೇಷ್ಟ್ರ ಹೆಂಡತಿಯ ಕಡೆ ತಿರುಗಿದಳು. ಬೈಯುತ್ತಾಳೆಂದು ಅತ್ತಿಗೆ ಎದ್ದು ನಿಲ್ಲುವಂತಾದಳು. ಅವಳು ಬೈಯಲಿಲ್ಲ. "ನಮ್ಮೋರು ಯಾವಾಗಲೂ ಹೇಳ್ತಿರ್ತಾರಮ್ಮ. ಮೇಷ್ಟ್ರು ದಾರಿ ಉದ್ದಕ್ಕೂ ಅವರ ಪಕ್ಕ ಕೂತು ಚಿತ್ರ ಬರೆದು ತೋರಿಸ್ತಿದ್ರಂತೆ. ಅದಕ್ಕೂ ಹಿಂದಿನ ಪ್ರವಾಸದಲ್ಲಿ ನಮ್ಮ ಮಗಳಿಗೆ ಅಂತ ಒಂದು ಕುದುರೆ ಬರೆದು ಕೊಟ್ಟಿದ್ರು. ಅದು ಈಗಲೂ ಗೋಡೆ ಮೇಲಿದೆ. ಅಂಥೋರನ್ನ ಇವರು ಯಾಕೆ ಏನಾದ್ರೂ ಮಾಡ್ತಾರೆ ಹೇಳಿ."

ಮೇಷ್ಟ್ರ ಹೆಂಡತಿ ಅವಳ ಕೈಗಳನ್ನು ನೋಡಿದರು. ಇಸ್ತ್ರಿ ತಾಗಿದ ಕಲೆಗಳು ಮಣಿಕಟ್ಟಿನವರೆಗೂ ಇದ್ದವು.

"ಸೋಮವಾರ ಎಷ್ಟು ಹೊತ್ತಿಗೆ?" ಎಂದು ಅತ್ತಿಗೆಯನ್ನು ಕೇಳಿದರು.

"ಹತ್ತೂವರೆಗೆ."

"ಬರ್ತೀನಿ. ಸ್ವೆಟರ್ ವಿಷಯ ನಾನೇ ಹೇಳ್ತೀನಿ."

ಡ್ರೈವರನ ಹೆಂಡತಿಗೆ ಏನೂ ಅರ್ಥವಾಗಲಿಲ್ಲ. ಅತ್ತಿಗೆ ಅವಳ ಬೆನ್ನು ತಟ್ಟಿ, ಸಂಜೆ ಮನೆಗೆ ಬರುತ್ತೇನೆ, ಒಳ್ಳೆಯ ಸುದ್ದಿ ಇದೆ ಎಂದು ಕಿವಿಯಲ್ಲಿ ಹೇಳಿ ಕಳಿಸಿದಳು. ಹಾಗೆ ಹೇಳಿದ್ದು ಅವಸರವಾಯಿತು. ಅಡುಗೆ ಆಗುವ ಮೊದಲು ಎಲೆ ಹಾಕುವವಳಲ್ಲ ಅವಳು.

"ಈಗ ಆ ಲಾಡ್ಜಿಗೆ ಫೋನ್ ಮಾಡು," ಎಂದರು ಮೇಷ್ಟ್ರ ಹೆಂಡತಿ. "ನನ್ನೆದುರೇ ಮಾಡು. ಅಲ್ಲಿ ಅಂಥೋರು ಯಾರಾದ್ರೂ ಇದಾರಾ ಕೇಳು."

ಕೋಟೆ ಹಿಂದಿನ ಲಾಡ್ಜಿನವನ ಗಂಟಲು ದೊಡ್ಡದು. ಅವನ ಫೋನು ಕಿವಿಗಿಟ್ಟರೆ ಇಡೀ ಕೋಣೆಗೆ ಕೇಳಿಸುತ್ತದೆ. ಅತ್ತಿಗೆ ಅದನ್ನು ಮರೆತಿದ್ದಳು.

"ಅತ್ತಿಗೆ, ಅಪರೂಪ! ಎಷ್ಟು ಜನ?"

"ಕೆಳಗಿನ ಕೋಣೆ ಒಂದು ಬೇಕಿತ್ತಪ್ಪ, ಎರಡು ರಾತ್ರಿ."

"ನಿಮ್ಮ ಪುಣ್ಯ ಚೆನ್ನಾಗಿದೆ. ಆ ಕೋಣೆ ಖಾಲಿ ಆಗಿ ಎರಡು ನಿಮಿಷಾನೂ ಆಗಿಲ್ಲ. ಮಳೆಗಾಲ ಮುಗಿದಾಗಿಂದ ಒಬ್ಬ ಮುದುಕ ಹಿಡ್ಕೊಂಡು ಕೂತಿದ್ದ. ಬೆಳಗಾದ್ರೆ ಕೋಟೆ ಎದುರು ಕೂತು ಗೀಚೋದು, ಕತ್ತಲಾದ್ರೆ ಬರೋದು. ಮಂಡಿಗೆ ಪಟ್ಟಿ ಬಿಗೀದೆ ಹಾಸಿಗೆಯಿಂದ ಇಳೀತಿರ್ಲಿಲ್ಲ. ಪಾಪದ ಪ್ರಾಣಿ."

ಮೇಷ್ಟ್ರ ಹೆಂಡತಿಯ ಕೈ ಮೇಜಿನ ಅಂಚನ್ನು ಹಿಡಿಯಿತು. ಅತ್ತಿಗೆ ಫೋನನ್ನು ಕಿವಿಗೆ ಒತ್ತಿಕೊಂಡಳು. ದನಿ ಒಂದಿಷ್ಟೂ ತಗ್ಗಲಿಲ್ಲ.

"ಯಾಕೆ ಹೋದ್ರು?"

"ಲಾಡ್ಜಿನ ಹಳೇ ಫೋನಿಗೆ ಒಂದು ಕರೆ ಬಂತು. ತಿಂಗಳಿಗೊಂದು ಸಲ ಕಾರಲ್ಲಿ ಬಂದು ನೋಡ್ಕೊಂಡು ಹೋಗ್ತಿದ್ರಲ್ಲ, ಅವರೇ. ಗಂಡಸಿನ ದನಿ. ಮುದುಕನ್ನ ಕರೆದು ಕೊಟ್ಟೆ."

"ಅವರು ಹೇಗಿದ್ರು ನೋಡೋಕೆ? ದಪ್ಪಾನಾ, ಸಣ್ಣಾನಾ?"

"ಯಾರು ನೋಡಿದಾರೆ ಅತ್ತಿಗೆ? ಕಾರಿಂದ ಒಂದು ದಿನವೂ ಇಳಿದೋರಲ್ಲ. ಕಪ್ಪು ಗಾಜು. ಮುದುಕನೇ ಹೋಗಿ ಒಳಗೆ ಕೂತು ಮಾತಾಡಿ ಬರ್ತಿದ್ದ. ಇವತ್ತು ಫೋನಲ್ಲಿ ಏನು ಹೇಳಿದ್ರೋ. ಮುದುಕ ಬೆಳ್ಳಗಾಗಿಬಿಟ್ಟ. 'ಅವಳು ಇಲ್ಲಿಗೆ ಬರ್ತಾಳಾ? ಹಾಗಾದ್ರೆ ನಾನು ಇಲ್ಲಿ ಒಂದು ಗಳಿಗೆ ಇರಲ್ಲ' ಅಂದ. ನನ್ನ ಕಿವಿಯಾರೆ ಕೇಳಿದೆ. ಬರೆದ ಚಿತ್ರ, ಹಲಗೆ ಎಲ್ಲಾ ಹಾಗೇ ಬಿಟ್ಟು ಎದುರಿಗೇ ನಿಂತಿದ್ದ ಬಾಡಿಗೆ ಕಾರು ಹತ್ತಿದ. ಎಲ್ಲಿಗೆ ಅಂತ ನನಗೂ ಹೇಳಲಿಲ್ಲ."

ಅತ್ತಿಗೆ ಮೇಷ್ಟ್ರ ಹೆಂಡತಿಯ ಕಡೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

"ನೋಡಪ್ಪ, ನೀನು ಇದನ್ನ ಪೊಲೀಸರ ಹತ್ರ ಹೇಳಬೇಕಾಗುತ್ತೆ. ಒಬ್ಬನ ಜೀವದ ಪ್ರಶ್ನೆ."

ದೊಡ್ಡ ಗಂಟಲು ಮೊದಲ ಬಾರಿಗೆ ಚಿಕ್ಕದಾಯಿತು. "ಪೊಲೀಸಾ? ಅತ್ತಿಗೆ, ಆ ಮುದುಕನ ಹೆಸರು ನಾನು ಎಲ್ಲೂ ಬರೆಸಿಲ್ಲ. ಇಷ್ಟು ತಿಂಗಳು ಬರೆಯದೆ ಇಟ್ಕೊಂಡಿದ್ದೆ ಅಂತ ಗೊತ್ತಾದ್ರೆ ಲಾಡ್ಜಿಗೆ ಬೀಗ ಹಾಕ್ತಾರೆ. ನಾನು ಯಾರನ್ನೂ ನೋಡಿಲ್ಲ. ನೀವೂ ಫೋನ್ ಮಾಡಿಲ್ಲ."

ಕರೆ ಕಟ್ಟಾಯಿತು.

ಕೋಟೆ ಹಿಂದಿನ ಲಾಡ್ಜಿನಲ್ಲಿ ಎರಡು ರಾತ್ರಿ ಎಂಬುದು ಗೊತ್ತಿದ್ದವರು ನಾಲ್ವರೇ. ಇಬ್ಬರು ಈ ಕೋಣೆಯಲ್ಲಿದ್ದರು. ಉಳಿದ ಇಬ್ಬರು ಕೆಳಗೆ ರಸ್ತೆಯಲ್ಲಿ, ಒಬ್ಬ ಕಾರಿನಲ್ಲಿ, ಒಬ್ಬ ಫೋನ್ ಹಿಡಿದು. ದಾರಿಯನ್ನು ಗಟ್ಟಿಯಾಗಿ ಓದಿ, ಗುಂಡಿ ಇಟ್ಟು ತೋರಿಸಿ, ಲಾಡ್ಜನ್ನೂ ಹೇಳಿ ಮುದುಕನನ್ನು ಎಬ್ಬಿಸಿದವಳು ತಾನೇ ಎಂಬುದು ಅತ್ತಿಗೆಗೆ ಈಗ ತಿಳಿಯಿತು.

"ಅಮ್ಮ," ಎಂದಳು. "ಸೋಮವಾರ ನೀವು ಸ್ವೆಟರ್ ವಿಷಯ ಹೇಳಿದ್ರೆ ಪೊಲೀಸರು ಹುಡುಕ್ತಾರೆ. ಬಾಡಿಗೆ ಕಾರು ಅಂದ್ಮೇಲೆ ಸಿಗುತ್ತೆ. ಇನ್ನೂ ದೂರ ಹೋಗಿರಲ್ಲ."

ಮೇಷ್ಟ್ರ ಹೆಂಡತಿ ಎದ್ದು ನಿಂತಿದ್ದರು. ಯಂತ್ರದ ಗಾಜಿನ ಮೇಲಿದ್ದ ತಮ್ಮ ಕಾರ್ಡನ್ನು ತೆಗೆದು ಪರ್ಸಿನಲ್ಲಿ ಇಟ್ಟರು. ಮುಖದಲ್ಲಿ ಅಳು ಇರಲಿಲ್ಲ. ಬಾಗಿಲು ಹಾಕಿ ಅಗಳಿ ಇಳಿಸಿದ ಮನೆಯಂತಿತ್ತು.

"ಯಾವ ಸ್ವೆಟರ್?" ಎಂದರು.

"ಅಮ್ಮ."

"ಬೀರುವಲ್ಲೇ ಇರಬೇಕು. ನಾನು ಸರಿಯಾಗಿ ನೋಡಿಲ್ಲ."

"ಆ ಹೆಣ್ಣುಮಗಳ ಎದುರು ಮಾತು ಕೊಟ್ಟಿರಿ. ಈಗತಾನೇ."

"ಕೊಟ್ಟೆ. ಆಗ ನನಗೆ ಗಂಡ ಇದ್ದ." ಅವರ ದನಿ ಈಗಲೂ ಏರಲಿಲ್ಲ. "ನಾನು ಬರ್ತೀನಿ ಅಂತ ಕೇಳಿ, ನಡೆಯೋಕಾಗದೋರು ಎದ್ದು ಓಡಿದ್ರು. ಕೋಟೆ ಚಿತ್ರಾನೂ ಬಿಟ್ಟು ಓಡಿದ್ರು. ಇದನ್ನ ಕೋರ್ಟಲ್ಲಿ ಜನರ ಮುಂದೆ ನಾನೇ ಬಾಯಿಬಿಟ್ಟು ಹೇಳಬೇಕಾ?"

"ಹೇಳದಿದ್ರೆ ಏನೂ ಮಾಡದೋನು ಜೀವನಪೂರ್ತಿ ಒಳಗಿರ್ತಾನೆ."

ಮೇಷ್ಟ್ರ ಹೆಂಡತಿ ಬಾಗಿಲ ಕಡೆ ನೋಡಿದರು. ಮೆಟ್ಟಿಲ ಮೇಲೆ ಎರಡು ಜೊತೆ ಹೆಜ್ಜೆಗಳು ಬರುತ್ತಿದ್ದವು.

"ಆಯ್ತಾ ಅಮ್ಮ?" ಎಂದ ಮಗ, ಬಾಗಿಲಲ್ಲಿ ಉಸಿರು ಸುಧಾರಿಸಿಕೊಳ್ಳುತ್ತಾ. ಅವನ ಹಿಂದೆ ಅಳಿಯ. ಇಬ್ಬರ ಕೈಯಲ್ಲೂ ಫೋನಿತ್ತು.

"ಪ್ರವಾಸ ಬೇಡ," ಎಂದರು ತಾಯಿ. "ನಿಮ್ಮಪ್ಪ ಹೊಳೇಲಿ ಹೋದ್ರು. ಹೋದವರ ಹಿಂದೆ ಎಷ್ಟು ಸಲ ಅಂತ ಹೋಗೋದು?"

ಆ ಇಬ್ಬರಲ್ಲಿ ಒಬ್ಬ, ಬಹಳ ಹೊತ್ತಿನಿಂದ ಹಿಡಿದಿದ್ದ ಉಸಿರನ್ನು ಮೆಲ್ಲಗೆ ಬಿಟ್ಟ. ಅತ್ತಿಗೆಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಅವಳು ನೋಡುತ್ತಿದ್ದುದು ತಾಯಿಯ ಮುಖವನ್ನು. ತಿರುಗಿ ನೋಡುವಷ್ಟರಲ್ಲಿ ಇಬ್ಬರೂ ಒಂದೇ ಬಗೆಯಲ್ಲಿ ತಲೆ ತಗ್ಗಿಸಿ, ತಾಯಿಗೆ ದಾರಿ ಬಿಟ್ಟು ನಿಂತಿದ್ದರು.

ಅವರು ಇಳಿದು ಹೋದರು. ಆ ಮಧ್ಯಾಹ್ನ ಅತ್ತಿಗೆಗೆ ದಕ್ಕಿದ್ದು ಮೇಷ್ಟ್ರು ಬದುಕಿದ್ದಾರೆ ಎಂಬ ಸತ್ಯ. ಅವಳೊಬ್ಬಳೇ ಹೇಳಿದರೆ, ತಮ್ಮ ಡ್ರೈವರನನ್ನು ಬಿಡಿಸಿಕೊಳ್ಳಲು ಕಟ್ಟಿದ ಕತೆ ಎಂದುಬಿಡುತ್ತಾರೆ. ಕೈಬಿಟ್ಟು ಹೋದದ್ದು, ಅದನ್ನು ಸೋಮವಾರ ಹೇಳಬಲ್ಲ ಇಬ್ಬರು ಸಾಕ್ಷಿಗಳು.